ಹೊಸಬರ ಹಳ್ಳಿ ಸಿನಿಮಾ ಕೆಡೋದು ಡಬ್ಬಿಂಗ್ ರೂಮಿನಲ್ಲಿ

ಹೊಸಬರನ್ನೇ ಹಾಕಿಕೊಂಡು ಮಾಡಿದ ತಮಿಳು ಹಳ್ಳಿ ಸಿನಿಮಾ ನೋಡಿ ಬಂದವರೆಲ್ಲ ಹೇಳೋದು ಒಂದೇ ಮಾತು: ‘ಯಾರೂ ಆ್ಯಕ್ಟಿಂಗ್ ಮಾಡಿದ ಹಾಗೇ ಇಲ್ಲ.’ ಬೆಂಗಳೂರಿನ ಹೊಸ ತಂಡಗಳು ಈ ಮಾತನ್ನೇ ನಂಬಿ ಮಳವಳ್ಳಿ, ಕನಕಪುರದ ಕಡೆ ಕ್ಯಾಮೆರಾ ಹೊತ್ತು ಹೋಗುತ್ತವೆ. ಊರವರನ್ನು ನಿಲ್ಲಿಸಿ ಶೂಟ್ ಮಾಡಿಕೊಂಡು ಬಂದ ಮೇಲೆ ಎಡಿಟಿಂಗ್ ಟೇಬಲ್‌ನಲ್ಲಿ ತಲೆ ಚಚ್ಚಿಕೊಳ್ಳೋದು ಶುರು. ಮುಖ ಚೆನ್ನಾಗಿರುತ್ತೆ, ಮಾತಿಗೆ ಮಾತ್ರ ಜೀವ ಇರಲ್ಲ.

ತಮಿಳರಿಗೆ ಈ ದಾರಿ ಹಳೆಯದು. ನಮ್ಮ ಪುಟ್ಟಣ್ಣ ಕಣಗಾಲರ ಹತ್ತಿರ ಸಹಾಯಕರಾಗಿದ್ದ ನಿರ್ದೇಶಕ ಭಾರತಿರಾಜ, 1983ರ ‘ಮಣ್ ವಾಸನೈ’ ಸಿನಿಮಾಕ್ಕೆ ಮದುರೈಯಲ್ಲಿ ಬಳೆ ಮಾರುತ್ತಿದ್ದ ಪಾಂಡಿಯನ್ ಅವರನ್ನು ಹೀರೋ ಮಾಡಿದರು. ‘ಕಡೈಸಿ ವಿವಸಾಯಿ’ ಸಿನಿಮಾದ ಹೀರೋ ನಲ್ಲಾಂಡಿ ನಿಜವಾಗಿಯೂ ರೈತರು, ತೀರಿಕೊಂಡ ಮೇಲೆ ರಾಷ್ಟ್ರಪ್ರಶಸ್ತಿಯಲ್ಲಿ ಅವರಿಗೆ ವಿಶೇಷ ಉಲ್ಲೇಖ ಸಿಕ್ಕಿತು. ನಮ್ಮಲ್ಲೇ ಮಂಡ್ಯ ಸೀಮೆಯ ಊರವರೇ ನಟಿಸಿದ ‘ತಿಥಿ’ ಇದೆ. ಹಾಗಾಗಿ ಊರವರಿಗೆ ನಟನೆ ಬರುತ್ತೋ ಇಲ್ಲವೋ ಅನ್ನೋ ಚರ್ಚೆ ಬಿಡೋಣ.

ಡಬ್ಬಿಂಗ್‌ನಲ್ಲಿ, ಅಂದರೆ ಶೂಟ್ ಆದ ಮೇಲೆ ಅದೇ ಮಾತನ್ನು ಸ್ಟುಡಿಯೋದಲ್ಲಿ ಮತ್ತೆ ಹೇಳಿಸೋವಾಗ, ಆಗೋದು ಇಷ್ಟು. ಹೊಲದಲ್ಲಿ ಗೊಬ್ಬರದ ಮಂಕರಿ ಹೊತ್ತು ನಡೀತಾ ಮಾತಾಡಿದ ಮನುಷ್ಯನನ್ನು ಮೂರು ತಿಂಗಳಾದ ಮೇಲೆ ಎಸಿ ರೂಮಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿ, ಮೈಕಿನಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸ್ತಾರೆ. ತೆರೆ ಮೇಲಿನ ತನ್ನ ತುಟಿಯನ್ನೇ ನೋಡಿಕೊಂಡು ಒಂದೊಂದು ಸಾಲು ಹೇಳಬೇಕು. ಭಾರ ಹೊತ್ತ ಏದುಸಿರು ಬರಲ್ಲ, ಮಾತಿನ ನಡುವೆ ಎಂಜಲು ನುಂಗಿದ್ದು ಬರಲ್ಲ. ಕಲಿತ ನಟ ಇದನ್ನು ನೆನಪಿನಿಂದ ಎಳೆದು ತರ್ತಾನೆ. ಹೊಸಬ ಪಾಠ ಒಪ್ಪಿಸ್ತಾನೆ. ‘ವಾಯ್ಸ್ ಸರಿ ಇಲ್ಲ’ ಅಂತ ಬೇರೆಯವರ ಕೈಲಿ ಹೇಳಿಸಿದರೆ ಇನ್ನೂ ಕಷ್ಟ, ಮದುರೈ ಮುಖಕ್ಕೆ ಚೆನ್ನೈ ನಾಲಿಗೆ. ಡಬ್ಬಿಂಗ್ ತಪ್ಪಿಸೋಕೆ ಆಗಲ್ಲ ಅಂದರೆ ಅವರ ಕೈಗೆ ಒಂದು ತುಂಬಿದ ಕೊಡ ಕೊಡಿ, ಮೈಕನ್ನು ಮೂರಡಿ ಹಿಂದಕ್ಕೆ ಇಡಿ, ಎದುರು ಮಾತಾಡಿದ ನಟರನ್ನೂ ಅದೇ ರೂಮಿಗೆ ಕರೀರಿ. ಅರ್ಧ ಜೀವ ವಾಪಸ್ ಬರುತ್ತೆ.

ಸ್ಥಳದಲ್ಲೇ ಮಾತು ಹಿಡಿಯೋದು ಮೇಲು, ಆದರೆ ಹಳ್ಳಿ ಅಂದರೆ ನಿಶ್ಶಬ್ದ ಅಂದುಕೊಂಡು ಹೋದವರು ಕೆಟ್ಟರು. ಪಂಪ್‌ಸೆಟ್, ಟ್ರ್ಯಾಕ್ಟರ್, ಹುಂಜ, ಗುಡಿಯ ಸ್ಪೀಕರ್ ಎಲ್ಲ ಕಾದುಕೊಂಡೇ ಇರುತ್ತವೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಡಿ ತಿಂಗಳಲ್ಲಿ ತಮಿಳು ಹಳ್ಳಿಗಳಿಗೆ ಹೋಗಲೇಬೇಡಿ. ಮಾರಿಯಮ್ಮನ ಹಬ್ಬ, ‘ಕೂಳ್’ ಅನ್ನೋ ಅಂಬಲಿ ಹಂಚೋದು, ಬೆಳಗಿನಿಂದ ಮೈಕ್ ಸೆಟ್. ಸಾಲದ್ದಕ್ಕೆ ಗಾಳಿ, ‘ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತೆ’ ಅಂತ ಅವರದೇ ಗಾದೆ ಇದೆ, ಮೈಕಿಗೆ ಎಷ್ಟು ದಪ್ಪ ತುಪ್ಪುಳದ ಕವಚ ಹಾಕಿದರೂ ತಡೆಯಲ್ಲ.

ಜನರೇಟರ್ ಕನಿಷ್ಠ ನೂರು ಮೀಟರ್ ದೂರ, ಮಧ್ಯೆ ಒಂದು ಗೋಡೆಯೋ ಹುಲ್ಲಿನ ಮೆದೆಯೋ ಇರಲಿ. ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕ್ ಫ್ರೇಮಿಗೆ ಬೀಳದ ಹಾಗೆ ತಲೆಯಿಂದ ಒಂದೂವರೆ, ಎರಡು ಅಡಿ ಮೇಲೆ. ಬರಿಮೈಯ ರೈತನಿಗೆ ಕಾಲರ್ ಮೈಕ್ ಎಲ್ಲಿ ಸಿಕ್ಕಿಸ್ತೀರಿ? ಹೆಗಲ ಟವಲ್ಲಿನಲ್ಲಿ ಬಚ್ಚಿಟ್ಟರೆ ಪ್ರತಿ ಹೆಜ್ಜೆಗೂ ಸರಸರ ಅನ್ನುತ್ತೆ. ಅಲ್ಲಿ ಬೂಮ್ ಒಂದನ್ನೇ ನಂಬಬೇಕು. ಹೊಸಬರದು ಇನ್ನೊಂದು ಚಾಳಿ: ರಿಹರ್ಸಲ್‌ನಲ್ಲಿ ಪಿಸುಗುಟ್ಟಿ, ಟೇಕ್‌ನಲ್ಲಿ ಕಿರುಚೋದು. ರಿಹರ್ಸಲ್ ನೋಡಿ ಲೆವೆಲ್ ಇಟ್ಟವರ ಸೌಂಡ್ ಒಡೆದುಹೋಗುತ್ತೆ. ಮೀಟರ್ ಸೊನ್ನೆ ದಾಟಿದರೆ ಸೌಂಡ್ ಒಡೆಯೋದು, ಹಾಗಾಗಿ 24 ಬಿಟ್ ರೆಕಾರ್ಡಿಂಗ್‌ನಲ್ಲಿ ಮಾಮೂಲಿ ಮಾತು ಮೈನಸ್ 20 ಡೆಸಿಬೆಲ್ ಸುತ್ತ ಇದ್ದರೆ ಕಿರುಚಿದಾಗ ಜಾಗ ಉಳಿದಿರುತ್ತೆ. ಶಾಟ್ ಓಕೆ ಆದ ತಕ್ಷಣ, ಮೈಬಿಸಿ ಆರೋ ಮುಂಚೆ, ಅದೇ ಜಾಗದಲ್ಲಿ ಕ್ಯಾಮೆರಾ ಇಲ್ಲದೆ ಅದೇ ಮಾತನ್ನು ಎರಡು ಸಲ ಹೇಳಿಸಿಕೊಳ್ಳಿ. ಜೊತೆಗೆ ಆ ಜಾಗದ ಬರೀ ಸದ್ದು ಒಂದು ನಿಮಿಷ. ಕೆಟ್ಟ ಸಾಲಿಗೆ ಆಮೇಲೆ ತೇಪೆ ಹಾಕೋಕೆ ಇವೇ ಬೇಕು. ಈ ಎರಡನ್ನೂ ‘ಟೈಮಿಲ್ಲ’ ಅಂತ ಬಿಟ್ಟವರೇ ಕೊನೆಗೆ ಡಬ್ಬಿಂಗ್‌ಗೆ ಹೋಗೋದು.

ಕ್ಯಾಮೆರಾದವರ ಹಟವೂ ಹೊಸಬರನ್ನು ಕೊಲ್ಲುತ್ತೆ. ಹಿನ್ನೆಲೆ ಮಸುಕಾಗಲಿ ಅಂತ 35 ಎಂಎಂ ಲೆನ್ಸನ್ನು ಎಫ್ 2ಕ್ಕೆ, ಅಂದರೆ ಅದರ ಕಿಂಡಿಯನ್ನು ಅಗಲವಾಗಿ, ತೆರೆದರೆ, ಮೂರು ಮೀಟರ್ ದೂರದಲ್ಲಿ ಫೋಕಸ್ ಇರೋದು ಮುಕ್ಕಾಲು ಮೀಟರ್ ಜಾಗದಲ್ಲಿ ಮಾತ್ರ. ಆಗ ‘ಈ ಗೆರೆ ದಾಟಬೇಡ’ ಅನ್ನಬೇಕಾಗುತ್ತೆ. ಗೆರೆ ನೆನಪಿಟ್ಟುಕೊಂಡವನು ಮಾತು ಮರೀತಾನೆ. ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಬನ್ನಿ, ಸುಮಾರು ಎರಡರಿಂದ ಆರು ಮೀಟರ್‌ವರೆಗೂ ಸ್ಪಷ್ಟ. ಅವನ ಪಾಡಿಗೆ ಅವನು ಓಡಾಡಲಿ. ಕ್ಲೋಸಪ್ಪನ್ನು ಕೊನೆಗೆ ಇಟ್ಟುಕೊಳ್ಳೋ ರೂಢಿಯನ್ನೂ ಬಿಡಬೇಕು. ಹೊಸಬರ ಸರಕೆಲ್ಲ ಮೊದಲ ಎರಡು ಮೂರು ಟೇಕ್‌ನಲ್ಲಿ ಖಾಲಿ.

ಬಟ್ಟೆ ಬಗ್ಗೆ ಒಂದೇ ಮಾತು: ಚಿಕ್ಕಪೇಟೆಯಿಂದ ತಂದ ಹೊಸ ಲುಂಗಿಯ ಗಂಜಿ ಹೋಗೋವರೆಗೆ ಹತ್ತು ಸಲ ಒಗೆದು ಬಿಸಿಲಿಗೆ ಹಾಕಿ. ಇಲ್ಲಾ, ಊರವರಿಗೆ ಹೊಸದು ಕೊಟ್ಟು ಅವರ ಹಳೇದು ಈಸ್ಕೊಳ್ಳಿ.

ಇಂಥ ತಮಿಳು ಸಿನಿಮಾ ಬೆಂಗಳೂರಿನಲ್ಲಿ ನೋಡೋರಿಗೆ ಸಬ್‌ಟೈಟಲ್ ಓದೋ ಗಡಿಬಿಡಿಯಲ್ಲಿ ಕಿವಿ ಮುಚ್ಚಿಹೋಗುತ್ತೆ. ಕಥೆ ಮದುರೈ ಕಡೆಯದಾದರೆ ‘ಅಂಗಿಟ್ಟು, ಇಂಗಿಟ್ಟು’ (ಅಲ್ಲಿ, ಇಲ್ಲಿ) ಕೇಳಬೇಕು. ತಿರುನೆಲ್ವೇಲಿಯದಾದರೆ ‘ಏಲೇ’ ಅಂತ ಕರೆಯೋದು, ಕೊಯಮತ್ತೂರು ಕಡೆಯದಾದರೆ ಮಾತಿಗೊಂದು ಮರ್ಯಾದೆಯ ‘ಂಗ’ ಮತ್ತು ನನ್ನ ಅನ್ನೋದಕ್ಕೆ ‘ಎನ್ರ’. ಒಂದೇ ಮನೆಯ ಅಪ್ಪ ಮಗ ಬೇರೆ ಬೇರೆ ಸೀಮೆಯ ತಮಿಳು ಆಡ್ತಿದ್ದರೆ ಒಬ್ಬರ ದನಿ ಅವರದಲ್ಲ ಅಂತ ಅನುಮಾನ ಪಡಿ. ಭಾಷೆ ಗೊತ್ತಾಗದಿದ್ದರೆ ಪಾದದ ಸದ್ದು ಕೇಳಿ. ಸಗಣಿ ಸಾರಿಸಿದ ನೆಲಕ್ಕೂ ಒಣಗಿದ ಕೆರೆಯಂಗಳಕ್ಕೂ ಒಂದೇ ಸದ್ದು ಬರ್ತಿದೆಯಾ? ಹಾಗಾದರೆ ಆ ಹೆಜ್ಜೆಗಳೂ ಎಸಿ ರೂಮಿನವೇ.