ಮೀನಿಗೆ ಕೇಳಿಸುತ್ತೆ
ಹೋದ ತಿಂಗಳು ಮಗಳ ತರಗತಿಯವರ ಜೊತೆ ನಾನೂ ಹವಾಯಿಯ ಒಆಹು ದ್ವೀಪದ ಹೆಎಯಾ ಮೀನುಕೊಳಕ್ಕೆ ಹೋಗಿದ್ದೆ. ಗಾಳ, ಬಲೆ ಕೊಡ್ತಾರೆ ಅಂತ ಮಕ್ಕಳು ಕುಣಿಯುತ್ತಿದ್ದರು. ಅಲ್ಲಿ ಮೊದಲು ಕೈಗೆ ಬಂದದ್ದು ಹವಳದ ಚೂರು ತುಂಬಿದ ಬಕೆಟ್ಟು.

ಇಂಥ ಕೊಳಕ್ಕೆ ಹವಾಯಿಯವರು ಲೊಕೊ ಇಆ ಅನ್ನುತ್ತಾರೆ. ಇದು 88 ಎಕರೆ, ಸುತ್ತಲ ಗೋಡೆಯೇ ಸುಮಾರು ಎರಡು ಕಿಲೋಮೀಟರ್, ಕಟ್ಟಿ 600ರಿಂದ 800 ವರ್ಷ ಆಗಿದೆ. ಎರಡು ಸಾಲು ಲಾವಾ ಕಲ್ಲು, ನಡುವೆ ಹವಳ. 1965ರ ನೆರೆಗೆ ಒಡೆದ ಗೋಡೆಯನ್ನು 2015ರಲ್ಲಿ ಊರವರು ಸಾಲಾಗಿ ನಿಂತು, ಕೈಯಿಂದ ಕೈಗೆ ಕಲ್ಲು ದಾಟಿಸಿ ಮುಚ್ಚಿದರಂತೆ. ನಮ್ಮ ಕರಾವಳಿಯಲ್ಲಿ ಕಾಂಡ್ಲ ನೆಡುತ್ತೇವೆ ಅಲ್ವಾ, ಇಲ್ಲಿ ಅದನ್ನು ಕೀಳುತ್ತಾರೆ. ಹೊರಗಿನಿಂದ ಬಂದ ಗಿಡ, ಬೇರು ಗೋಡೆಗೇ ಇಳಿಯುತ್ತದೆ.

ಗೋಡೆಯಲ್ಲಿ ಮಾಕಾಹಾ ಅನ್ನುವ ಮರದ ಗೇಟು. ಅದರ ಸಂದಿನಿಂದ ಮರಿಮೀನು ಒಳಗೆ ಬರುತ್ತದೆ, ಮೇದು ದಪ್ಪಗಾದ ಮೇಲೆ ಆಚೆ ಹೋಗಲು ಆಗುವುದಿಲ್ಲ.

ಆಮೇಲೆ ಹೆಸರಿನ ಪಾಠ. ನನಗೆ ಅದೇ ಜಾಸ್ತಿ ಇಷ್ಟವಾಯಿತು. ಮಲ್ಲೆಟ್ ಮೀನು ಬೆರಳುದ್ದ ಇದ್ದರೆ ಪುಆ ಅಮಾ, ಅಂಗೈಯುದ್ದ ಆದರೆ ಕಹಹಾ, ಆಮೇಲೆ ಅಮಾಅಮಾ, ಒಂದಡಿ ದಾಟಿದರೆ ಅನಾಯ್. ನಾವು ಮಾವಿಗೆ ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಅನ್ನುವ ಹಾಗೆ. ಮಿಡಿ ಅಂದ ಕೂಡಲೇ ಅದು ಹಣ್ಣಲ್ಲ ಅಂತ ಮಗುವಿಗೆ ಬೇರೆ ಹೇಳಬೇಕಿಲ್ಲ. ಹನ್ನೊಂದು ಇಂಚಿಗಿಂತ ಚಿಕ್ಕದನ್ನು ಹಿಡಿಯಬಾರದು, ಮೊಟ್ಟೆ ಇಡುವ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮುಟ್ಟಲೇಬಾರದು ಅಂತ ಈಗ ಕಾನೂನೂ ಇದೆ. ಆದರೆ ಅಳತೆಪಟ್ಟಿ ಹಿಡಿದು ಹೇಳಿಕೊಡುವುದಕ್ಕಿಂತ ಹೀಗೆ ಮಾತಿನಲ್ಲೇ ಹೇಳಿಕೊಡುವುದು ಎಷ್ಟೋ ಚೆನ್ನ. ಹೆಸರು ಗೊತ್ತಿರುವ ಮಗು ಮರಿಯನ್ನು ತಾನಾಗಿಯೇ ನೀರಿಗೆ ಬಿಡುತ್ತದೆ. ಅವತ್ತು ಕಣ್ಣಾರೆ ನೋಡಿದೆ, ಒಬ್ಬ ಹುಡುಗ ಬಕೆಟ್ಟಿಗೆ ಸಿಕ್ಕ ಮರಿಯನ್ನು ಬೊಗಸೆಯಲ್ಲಿ ಹಿಡಿದು, 'ಪುಆ' ಅಂತ ಮೆಲ್ಲಗೆ ಹೇಳಿ, ಬಗ್ಗಿ ಬಿಟ್ಟುಬಂದ.

ಇನ್ನೊಂದು ಮಾತು ಮಗಳು ತಲೆಗೆ ಹಾಕಿಕೊಂಡು ಬಂದಳು. ಇಲ್ಲಿ ಹಿರಿಯರು ಮೀನು ಹಿಡಿಯಲು ಹೊರಟಾಗ ಹಾಗಂತ ಹೇಳುವುದಿಲ್ಲ. ಹೊಲೊಹೊಲೊ, ಅಂದರೆ ಸುಮ್ನೆ ಸುತ್ತಾಡಿ ಬರ್ತೀನಿ, ಅಷ್ಟೇ.

ಸಂಜೆ ಊರಿಗೆ ಫೋನ್ ಮಾಡಿ ಅಜ್ಜಿಗೂ ಹೇಳಿದಳು. "ಅಜ್ಜಿ, ಮೀನು ಹಿಡಿಯೋಕೆ ಅನ್ನಬಾರದು, ಮೀನಿಗೆ ಕೇಳಿಸುತ್ತೆ."

"ಸರಿ ಪುಟ್ಟಿ," ಅಂದರು ನಮ್ಮಮ್ಮ, "ಹೊರಟವರನ್ನ ಎಲ್ಲಿಗೆ ಅಂತ ನಾವೂ ಕೇಳಲ್ಲ. ದೂರ ಹೊರಟ್ಯಾ?"