ಮಳೆಯಲ್ಲಿ ಮೆಟ್ಟಿಲಿಳಿದ ಟೂಲ್‌ಬಾಕ್ಸ್

ನಮ್ಮ ಕಡೆ ವೈರಿಂಗ್ ಕೆಲಸದವರ ಟೂಲ್ಸ್ ಎಲ್ಲಿರುತ್ತದೆ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಇಪ್ಪತ್ತು ಲೀಟರಿನ ಪೇಂಟ್ ಬಕೆಟ್. ಪೇಂಟಿಂಗ್‌ನವರು ಖಾಲಿ ಬಕೆಟನ್ನು ಸುಮ್ನೆ ಕೊಡುತ್ತಾರೆ. ಹಿಡಿ ಗಟ್ಟಿ. ಮಗುಚಿ ಹಾಕಿದರೆ ಕೂರಲಿಕ್ಕೂ ಆಗುತ್ತದೆ. ನಾನೂ ಬಹಳ ಕಾಲ ಬಕೆಟ್ ಹಿಡಿದುಕೊಂಡೇ ಓಡಾಡಿದವನು. ಅದಕ್ಕಿರುವ ದೋಷ ಒಂದೇ. ನಮಗೆ ಬೇಕಾದ್ದು ಯಾವಾಗಲೂ ತಳದಲ್ಲಿರುತ್ತದೆ. ಏಣಿ ಮೇಲೆ ನಿಂತು "ಆ ಸಣ್ಣ ಸ್ಕ್ರೂಡ್ರೈವರ್ ಕೊಡು" ಅಂದರೆ ಕೆಳಗಿರುವ ಹುಡುಗ ಇಡೀ ಬಕೆಟನ್ನು ನೆಲಕ್ಕೆ ಸುರಿಯುತ್ತಾನೆ. ಸಂಜೆ ಮತ್ತೆ ತುಂಬುವಾಗ ಅರ್ಧ ಸ್ಕ್ರೂ, ಅರ್ಧ ಮಣ್ಣು.

ಮಣ್ಣು ಅಂದದ್ದು ಸುಮ್ನೆ ಅಲ್ಲ. ದಕ್ಷಿಣ ಕನ್ನಡದ ಗೋಡೆ ಎಂದರೆ ಕೆಂಪುಕಲ್ಲು, ಮುರಕಲ್ಲು. ಪೈಪ್ ಕೂರಿಸಲು ಅದಕ್ಕೆ ಕಟಿಂಗ್ ಮಷಿನ್ ಹಿಡಿದರೆ ಕುಂಕುಮದ ಹಾಗೆ ಧೂಳು ಏಳುತ್ತದೆ. ಅದು ಕಿವಿಗೂ ಹೋಗುತ್ತದೆ, ಡ್ರಿಲ್‌ನ ಚಕ್ ಒಳಗೂ ಹೋಗುತ್ತದೆ. ಅದರ ಮೇಲೆ ಜೂನ್‌ನಿಂದ ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಧೂಳು ಮತ್ತು ನೀರು ಸೇರಿದ ಮೇಲೆ ಕಟಿಂಗ್ ಪ್ಲೇಯರ್ ಬಾಯಿ ತೆರೆಯುವುದಕ್ಕೂ ಎಣ್ಣೆ ಬೇಕು.

ಪೆಟ್ಟಿಗೆಯ ಆಸೆ ಹಚ್ಚಿದ್ದು ದುಬೈಯಲ್ಲಿರುವ ಭಾವ. ಅವರೂ ಎಲೆಕ್ಟ್ರಿಷಿಯನ್. ಅಲ್ಲಿನ ಸೈಟಿನಲ್ಲಿ ಒಂದರ ಮೇಲೊಂದು ಕೂತು ಲಾಕ್ ಆಗುವ ಪೆಟ್ಟಿಗೆಗಳನ್ನು ಚಕ್ರದ ಮೇಲೆ ಎಳೆದುಕೊಂಡು ಹೋಗುವ ಫೋಟೋ ಕಳಿಸಿದ್ದರು. ಮಿಲ್ವಾಕಿ ಕಂಪನಿಯ ಪ್ಯಾಕೌಟ್ ಅನ್ನುವ ಸೆಟ್ ಅದು, 2017ರಲ್ಲಿ ಬಂದದ್ದು. ಅದರ ಚಕ್ರದ ಪೆಟ್ಟಿಗೆ 250 ಪೌಂಡ್, ಅಂದರೆ ಸುಮಾರು 113 ಕೆಜಿ ಭಾರ ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. "ಒಂದು ತರಲಾ?" ಅಂತ ಕೇಳಿದರು. ನಾನು ಬೇಡ ಅಂದೆ. ನುಣ್ಣಗಿನ ಕಾಂಕ್ರೀಟ್ ನೆಲ, ಲಿಫ್ಟ್ ಇರುವ ಕಡೆ ಚಕ್ರ ಚಂದ. ನಮ್ಮ ಸೈಟಿಗೆ ಹೋಗುವ ದಾರಿ ನೋಡಿದರೆ ಚಕ್ರ ಎಂದರೆ ಬರೀ ಜಾಸ್ತಿ ತೂಕ. 113 ಕೆಜಿ ತುಂಬಿಸಿದ ಮೇಲೆ ಅದನ್ನು ಇಳಿಸುವವರು ಯಾರು?

ಆದರೂ ಆಸೆ ಹೋಗಲಿಲ್ಲ. ಅಂಗಡಿಗೆ ಹೋಗುವ ಮೊದಲು ನಾನು ಮಾಡಿದ ಕೆಲಸ ಒಂದೇ, ಮನೆಯ ತೂಕದ ಮಷಿನ್ ಮೇಲೆ ಟೂಲ್ಸ್ ಇಟ್ಟು ನೋಡಿದ್ದು. ಗೋಡೆ ಕೊರೆಯುವ ರೋಟರಿ ಹ್ಯಾಮರ್, ಅದರ ಬಿಟ್‌ಗಳು, ಕಟಿಂಗ್ ಮಷಿನ್ ಒಂದು ಕಡೆ. ಪ್ಲೇಯರ್, ಸ್ಟ್ರಿಪ್ಪರ್, ಕ್ರಿಂಪಿಂಗ್ ಟೂಲ್, ಮೀಟರ್‌ಗಳು ಇನ್ನೊಂದು ಕಡೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಒಳಗೆ ಹೋದಳು. ನನಗೆ ಬೇಕಾಗಿದ್ದ ಲೆಕ್ಕ ಸಿಕ್ಕಿತು. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿಸಿದರೆ ಒಬ್ಬ ಎತ್ತಿಕೊಂಡು ಮೆಟ್ಟಿಲು ಹತ್ತುವುದು ಸಾಧ್ಯ ಇಲ್ಲ. ದೊಡ್ಡ ಪೆಟ್ಟಿಗೆ ಕಂಡರೆ ದೊಡ್ಡದಾಗಿಯೇ ತುಂಬಿಸುತ್ತೇವೆ, ಅದು ನಮ್ಮ ಬುದ್ಧಿ. ಹಾಗಾಗಿ ಅತಿ ದೊಡ್ಡ ಸೈಜು ಬೇಡ ಅಂತ ಮೊದಲೇ ತೀರ್ಮಾನ ಮಾಡಿದೆ.

ಮಂಗಳೂರಿನ ಬಂದರಿನಲ್ಲಿ ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ. ನಾನು ಹೋದ ಅಂಗಡಿಯವರು ಮೊದಲು ತೋರಿಸಿದ್ದು ಪಾರದರ್ಶಕ ಮುಚ್ಚಳದ, ತೆಳ್ಳಗಿನ, ಬಣ್ಣದ ಪೆಟ್ಟಿಗೆ. ನೋಡಲು ಚಂದ, ಮೀನು ಹಿಡಿಯುವ ಗಾಳ ಇಟ್ಟುಕೊಳ್ಳಲು ಸರಿ. "ಸೈಟಿಗೆ ಬೇಕು ಮಾರಾಯ್ರೆ" ಅಂದ ಮೇಲೆ ಒಳಗಿಂದ ಕಪ್ಪು ಪೆಟ್ಟಿಗೆ ತಂದರು. ಮುಚ್ಚಳದ ಅಂಚಿನಲ್ಲಿ ರಬ್ಬರ್ ಬೀಡಿಂಗ್, ಹೊರಗೆ ಐಪಿ65 ಅಂತ ಅಚ್ಚು.

ಆ ಅಂಕಿ ವೈರಿಂಗ್‌ನವರಿಗೆ ಹೊಸದಲ್ಲ. ಹೊರಗಿನ ಗೋಡೆಗೆ ಬಾಕ್ಸ್ ಹಾಕುವಾಗ, ಗೇಟಿನ ಲೈಟ್ ತರುವಾಗ ನಾವು ನೋಡುವುದು ಇದನ್ನೇ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಧೂಳಿಗೆ 6 ಎಂದರೆ ಒಳಗೆ ಹೋಗುವುದೇ ಇಲ್ಲ. ನೀರಿಗೆ 5 ಎಂದರೆ ಪೈಪಿನಲ್ಲಿ ನೀರು ಹೊಡೆದರೂ ತಡೆಯುತ್ತದೆ. ನೀರಿನಲ್ಲಿ ಮುಳುಗಿಸಿದರೆ ತಡೆಯುತ್ತದೆ ಅಂತ ಅರ್ಥ ಅಲ್ಲ, ಅದಕ್ಕೆ 7 ಬೇಕು. ಮುರಕಲ್ಲಿನ ಧೂಳಿಗೆ, ಜುಲೈ ಮಳೆಗೆ 65 ಸಾಕು.

ಅಂಗಡಿಯವರಲ್ಲಿ ಒಂದು ಲೋಟ ನೀರು ಕೇಳಿದೆ. ಕುಡಿಯಲಿಕ್ಕೆ ಅಂತ ಕೊಟ್ಟರು. ನಾನು ಕೈ ಒದ್ದೆ ಮಾಡಿಕೊಂಡು ಲಾಕ್ ತೆಗೆದು ಹಾಕಿ ನೋಡಿದೆ. ಒಂದು ಮಾಡೆಲ್‌ನ ಲಾಕ್ ಸಣ್ಣದು, ಒದ್ದೆ ಬೆರಳು ಜಾರುತ್ತದೆ. ಇನ್ನೊಂದರದ್ದು ನಾಲ್ಕು ಬೆರಳು ಹಿಡಿಯುವಷ್ಟು ಅಗಲ, ಗ್ಲೌಸ್ ಹಾಕಿಕೊಂಡರೂ ಎಳೆಯಬಹುದು. ಆಮೇಲೆ ಎರಡು ಪೆಟ್ಟಿಗೆ ಒಂದರ ಮೇಲೊಂದು ಇಟ್ಟು ಲಾಕ್ ಮಾಡಿ, ಮೇಲಿನದರ ಹಿಡಿ ಹಿಡಿದು ಎತ್ತಿ ಅಲುಗಾಡಿಸಿದೆ. ಲೊಟಲೊಟ ಅಂದರೆ ಓಮ್ನಿ ಹಿಂದೆ ಇಟ್ಟು ಹೊಂಡದ ರಸ್ತೆಯಲ್ಲಿ ಹೋಗುವಾಗ ತಲೆ ಸಿಡಿಯುತ್ತದೆ. ಕೊನೆಗೆ ಮುಚ್ಚಳದ ಮೇಲೆ ಹತ್ತಿ ನಿಂತೆ. ಅಂಗಡಿಯವರು "ಅಯ್ಯೋ" ಅಂದರು. ನಾನು ನಿಲ್ಲದಿದ್ದರೆ ಸೈಟಿನಲ್ಲಿ ಟೈಲ್ಸ್‌ನವನು ನಿಂತೇ ನಿಲ್ಲುತ್ತಾನೆ ಅಲ್ವಾ?

ಒಂದರ ಮೇಲೊಂದು ಕೂರುವ ಪೆಟ್ಟಿಗೆ ಹೊಸ ಆಲೋಚನೆ ಏನಲ್ಲ. ಜರ್ಮನಿಯ ಟಾನೋಸ್ ಕಂಪನಿ 1993ರಲ್ಲೇ ಸಿಸ್ಟೇನರ್ ಅಂತ ತಂದಿತ್ತು. ಅದರ ತಳ 396 ಮಿ.ಮೀ. ಉದ್ದ, 296 ಮಿ.ಮೀ. ಅಗಲ. ಮಕಿಟಾದ ಮ್ಯಾಕ್‌ಪ್ಯಾಕ್ ಕೂಡ ಅದೇ ಅಳತೆ. ಆದರೆ ಸೈಟಿಗೆ ಅಂತ ಬಂದ ಗಡುಸು ಪೆಟ್ಟಿಗೆಗಳು ಹಾಗಲ್ಲ. ಡಿವಾಲ್ಟ್‌ನ ಟಫ್‌ಸಿಸ್ಟಂ ಮೇಲೆ ಪ್ಯಾಕೌಟ್ ಕೂರುವುದಿಲ್ಲ, ಪ್ಯಾಕೌಟ್ ಮೇಲೆ ಅದು ಕೂರುವುದಿಲ್ಲ. ಮೊದಲ ಪೆಟ್ಟಿಗೆ ತೆಗೆದುಕೊಂಡ ದಿನವೇ ಮುಂದಿನ ಎಲ್ಲ ಪೆಟ್ಟಿಗೆ ಯಾವ ಕಂಪನಿಯದು ಅಂತ ತೀರ್ಮಾನ ಆಗಿಬಿಡುತ್ತದೆ. ಹಾಗಾಗಿ ನಾನು ಕೇಳಿದ ಮುಖ್ಯ ಪ್ರಶ್ನೆ ರೇಟಿನದ್ದಲ್ಲ. "ಲಾಕ್ ಮುರಿದರೆ ಲಾಕ್ ಮಾತ್ರ ಸಿಗ್ತದಾ? ಮುಂದಿನ ವರ್ಷ ಇದೇ ಅಳತೆಯ ಇನ್ನೊಂದು ಬರ್ತದಾ?" ಎರಡಕ್ಕೂ ಹೌದು ಅಂದದ್ದನ್ನು ತೆಗೆದುಕೊಂಡೆ. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ಜಾಹೀರಾತು ಅನ್ನುತ್ತೀರಿ. ಒಂದು ಆಳದ್ದು, ಒಂದು ಮಧ್ಯಮ, ಮೇಲೆ ಖಾನೆಗಳಿರುವ ಚಪ್ಪಟೆಯದು.

ಇವು ಏನು ಉಪಯೋಗ ಅಂತ ನಿಜವಾಗಿ ತಿಳಿದದ್ದು ಜುಲೈಯಲ್ಲಿ, ಮೂಡುಬಿದಿರೆ ಕಡೆಯ ಒಂದು ಮನೆಯಲ್ಲಿ. ರಸ್ತೆ ಗುಡ್ಡದ ಮೇಲೆ ಮುಗಿಯುತ್ತದೆ. ಮನೆ ಕೆಳಗೆ, ಅಡಿಕೆ ತೋಟದ ಅಂಚಿನಲ್ಲಿ. ನಡುವೆ ಮುರಕಲ್ಲು ಕಡಿದು ಮಾಡಿದ ಮೆಟ್ಟಿಲು, ಅದರ ತುಂಬ ಪಾಚಿ. ಯಜಮಾನರಿಗೆ ಚೌತಿಗೆ ಮೊದಲು ಮನೆ ಒಕ್ಕಲು ಆಗಬೇಕು. ಆ ದಿನ ಬೆಳಿಗ್ಗೆಯಿಂದ ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಹೆಲ್ಪರ್ ಹುಡುಗ ಮೂರೂ ಪೆಟ್ಟಿಗೆಯ ಗೋಪುರಕ್ಕೆ ಕೈ ಹಾಕಿದ.

"ಅಣ್ಣ, ಇಬ್ಬರೂ ಹಿಡಿದು ಒಟ್ಟಿಗೇ ಇಳಿಸುವ."

"ಇವತ್ತು ಗೋಡೆ ಒಡೆಯಲಿಕ್ಕೆ ಉಂಟಾ?" ಅಂದೆ.

"ಇಲ್ಲ. ಡಿಬಿ ಕೆಲಸ, ಆಮೇಲೆ ಟೆಸ್ಟಿಂಗ್."

"ಮತ್ತೆ ಹ್ಯಾಮರ್ ಯಾಕೆ?"

ಡಿಬಿ ಅಂದರೆ ಮನೆಗೆಲ್ಲ ಕರೆಂಟ್ ಹಂಚುವ ಬೋರ್ಡ್. ಆಳದ ಪೆಟ್ಟಿಗೆ ಓಮ್ನಿಯಲ್ಲೇ ಉಳಿಯಿತು. ಮಧ್ಯಮದ್ದು ನನ್ನ ಕೈಯಲ್ಲಿ, ಚಪ್ಪಟೆಯದು ಅವನ ಕೈಯಲ್ಲಿ. ಇಬ್ಬರಿಗೂ ಒಂದೊಂದು ಕೈ ಖಾಲಿ, ಪಕ್ಕದ ಗಿಡ ಹಿಡಿದುಕೊಂಡು ಇಳಿದೆವು. ಮಾರುವವರು ಈ ಪೆಟ್ಟಿಗೆಗಳನ್ನು ಒಟ್ಟಿಗೆ ಕೂರಿಸಿ ತೋರಿಸುತ್ತಾರೆ. ನನಗೆ ಉಪಯೋಗ ಆದದ್ದು ಅವು ಬೇರೆ ಆಗುವುದರಿಂದ.

ಹಾಗೆ ಬೇರೆ ಮಾಡಲು ಒಂದು ತಯಾರಿ ಬೇಕು. ಮೊದಮೊದಲು ಎಲ್ಲರೂ ತುಂಬಿಸುವ ಕ್ರಮ ಹೀಗೆ: ಮಷಿನ್‌ಗಳೆಲ್ಲ ಒಂದರಲ್ಲಿ, ಕೈ ಟೂಲ್ಸ್ ಎಲ್ಲ ಇನ್ನೊಂದರಲ್ಲಿ, ಸ್ಕ್ರೂ ಎಲ್ಲ ಮತ್ತೊಂದರಲ್ಲಿ. ನೋಡಲು ಅಚ್ಚುಕಟ್ಟು. ಆದರೆ ಯಾವ ಕೆಲಸಕ್ಕೆ ಹೋದರೂ ಮೂರೂ ಬೇಕಾಗುತ್ತದೆ. ನಾನು ಕೆಲಸ ನೋಡಿ ತುಂಬಿಸಿದ್ದೇನೆ. ಆಳದ್ದು ಗೋಡೆ ಪೆಟ್ಟಿಗೆ. ಅದರಲ್ಲಿ ಹ್ಯಾಮರ್, ಕಟಿಂಗ್ ಮಷಿನ್, ಉಳಿ, ಸುತ್ತಿಗೆ, ಕನ್ನಡಕ, ಮಾಸ್ಕ್. ಮಧ್ಯಮದ್ದು ಡಿಬಿ ಪೆಟ್ಟಿಗೆ. ಸ್ಟ್ರಿಪ್ಪರ್, ಕ್ರಿಂಪಿಂಗ್ ಟೂಲ್, ಕ್ಲಾಂಪ್ ಮೀಟರ್, ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್, ಹೆಡ್‌ಲೈಟ್. ಚಪ್ಪಟೆಯದರಲ್ಲಿ ಲಗ್, ಸ್ಕ್ರೂ, ಟೇಪ್, ಟೈ. ಪ್ಲೇಯರ್ ಮತ್ತು ಟೆಸ್ಟರ್ ಮಾತ್ರ ಗೋಡೆ ಪೆಟ್ಟಿಗೆ, ಡಿಬಿ ಪೆಟ್ಟಿಗೆ ಎರಡರಲ್ಲೂ ಬೇರೆ ಬೇರೆ ಇವೆ. ಎರಡನೇ ಪ್ಲೇಯರ್‌ಗೆ ಕೊಟ್ಟ ದುಡ್ಡು ದಂಡ ಅಂತ ಹುಡುಗನಿಗೆ ಅನ್ನಿಸಿತ್ತು. ಆ ಮೆಟ್ಟಿಲು ಕಂಡ ಮೇಲೆ ಅವನು ಆ ಮಾತು ಎತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕರೆಂಟ್ ಹೋಯಿತು. ಮೋಡದ ಕತ್ತಲೆಯಲ್ಲಿ ಮನೆ ಒಳಗೆ ಮುಖ ಕಾಣುವುದಿಲ್ಲ. ಮುಚ್ಚಳ ತೆರೆದು ಎಡ ಮೂಲೆಗೆ ಕೈ ಹಾಕಿದೆ, ಹೆಡ್‌ಲೈಟ್ ಸಿಕ್ಕಿತು. ಬಕೆಟ್ ಆಗಿದ್ದರೆ ಟಾರ್ಚ್ ಹುಡುಕಲು ಟಾರ್ಚ್ ಬೇಕಿತ್ತು.

ಸಾಲುಸಾಲಾಗಿ ಸರ್ಕ್ಯೂಟ್‌ಗಳಿಗೆ ಮೆಗ್ಗರ್ ಹಾಕುತ್ತ ಬಂದೆವು. ವೈರಿಗೆ 500 ವೋಲ್ಟ್ ಡಿಸಿ ಬಿಟ್ಟು ಇನ್ಸುಲೇಷನ್ ಎಷ್ಟು ತಡೆಯುತ್ತದೆ ಅಂತ ನೋಡುವುದು. ಒಂದು ಮೆಗಾಓಮ್‌ಗಿಂತ ಕೆಳಗೆ ಬಂದರೆ ಕನೆಕ್ಷನ್ ಕೊಡುವ ಹಾಗಿಲ್ಲ. ಹೊಸ ವೈರ್ ಅದಕ್ಕಿಂತ ಎಷ್ಟೋ ಮೇಲೆ ತೋರಿಸಬೇಕು. ಅಡುಗೆಮನೆಯ ಸಾಲು ಮಾತ್ರ ಕೆಳಗೇ ನಿಂತಿತು. ಮಿಕ್ಸಿ ಪಾಯಿಂಟಿನ ಪ್ಲೇಟ್ ಬಿಚ್ಚಿದರೆ ಪೈಪಿನ ಬಾಯಿಂದ ಸಣ್ಣಗೆ ನೀರು ಇಳಿಯುತ್ತಿತ್ತು. ಟೆರೇಸಿನ ಮೇಲೆ ಯಾರೋ ಪೈಪಿನ ತುದಿಯ ಮುಚ್ಚಳ ತೆಗೆದು ಹಾಗೇ ಬಿಟ್ಟಿದ್ದರು. ವೈರ್ ಹೊರಗೆಳೆದು, ಪೈಪಿನಲ್ಲಿ ವೈರ್ ಎಳೆಯುವ ಸ್ಪ್ರಿಂಗಿಗೆ ಬಟ್ಟೆ ಕಟ್ಟಿ, ಪೈಪ್ ಒಳಗೆ ಹೋಗಿ ಬರುವಂತೆ ಎಳೆದು ಒರೆಸಿದೆವು. ಬಟ್ಟೆ ಹಿಂಡಿದರೆ ಕೆಂಪು ನೀರು. ಅಲ್ಲೇ ಇನ್ನೊಂದು ಕಥೆ. ಒಂದು ಜಂಕ್ಷನ್ ಬಾಕ್ಸಿನ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಟ್ಟಿದ್ದರು. ಈಗ ಕಟಿಂಗ್ ಮಷಿನ್ ಬೇಕು. ಹುಡುಗ ಮೇಲೆ ಹೋಗಿ ಗೋಡೆ ಪೆಟ್ಟಿಗೆ ಒಂದನ್ನೇ ತಂದ. ಕರೆಂಟ್ ಬರುವ ತನಕ ಅದರ ಮೇಲೆ ಕೂತು ಊಟ ಮಾಡಿದ.

ಸಂಜೆ ಕಟ್ಟುವಾಗ ನಾನು ಹುಡುಗನ ಹಿಂದೆಯೇ ನಿಲ್ಲುತ್ತೇನೆ. ಐಪಿ65 ಪೆಟ್ಟಿಗೆ ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ ನಿಜ. ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ. ಒದ್ದೆ ಪ್ಲೇಯರ್ ಹಾಕಿ ಲಾಕ್ ಮಾಡಿ ಭಾನುವಾರ ಕಳೆದು ತೆರೆದರೆ, ಬಕೆಟ್‌ನಲ್ಲಿದ್ದುದಕ್ಕಿಂತ ಜಾಸ್ತಿ ತುಕ್ಕು. ಬಕೆಟ್‌ಗಾದರೂ ಗಾಳಿ ಆಡುತ್ತಿತ್ತು. ಹಾಗಾಗಿ ಒರೆಸಿಯೇ ಒಳಗೆ ಹಾಕಬೇಕು. ಪ್ಲೇಯರಿನ ಕೀಲಿಗೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ. ಮನೆಗೆ ಬಂದ ಮೇಲೆ ರಾತ್ರಿ ಮುಚ್ಚಳ ತೆರೆದು ಫ್ಯಾನ್ ಕೆಳಗೆ ಇಡುವುದು. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮೆಗ್ಗರ್ ಪಕ್ಕ ಹಾಕಿಟ್ಟಿದ್ದೇನೆ. ಅವೂ ಸ್ವಲ್ಪ ದಿನಕ್ಕೆ ನೀರು ಕುಡಿದು ಸುಮ್ಮನಾಗುತ್ತವೆ, ಬದಲಿಸುತ್ತಿರಬೇಕು.

ಮತ್ತೆ ರಬ್ಬರ್ ಬೀಡಿಂಗ್. ಮುರಕಲ್ಲಿನ ಒಂದು ಹರಳು ಅದರ ಸಂದಿಯಲ್ಲಿ ಕೂತರೆ ಸಾಕು, ಮುಚ್ಚಳ ಅಷ್ಟು ಜಾಗದಲ್ಲಿ ಎದ್ದು ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳು ಆಡಿಸಿದರೆ ಚುಚ್ಚುತ್ತದೆ. ಲಾಕಿನ ಸಂದಿಯಲ್ಲೂ ಧೂಳು ಒದ್ದೆಯಾಗಿ ಒಣಗಿ ಗಾರೆಯಾಗುತ್ತದೆ. ಆಮೇಲೆ ಬಲ ಹಾಕಿ ಒತ್ತಿದರೆ ಮುರಿಯುವುದು ಲಾಕೇ. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಮುಚ್ಚಳದ ಒಳಗೆ ರಬ್ಬರ್‌ಬ್ಯಾಂಡ್ ಹಾಕಿ ಸಿಕ್ಕಿಸಿದ್ದೇನೆ.

ಕಳ್ಳತನದ ವಿಷಯ ಕೇಳುತ್ತಾರೆ. ಬೀಗ ಹಾಕಲು ತೂತು ಇದೆ. ಆದರೆ ಹಿಡಿ ಇರುವ ಪೆಟ್ಟಿಗೆಗೆ ಬೀಗ ಹಾಕಿ ಸೈಟಿನಲ್ಲಿ ಬಿಟ್ಟರೆ ಕಳ್ಳನಿಗೆ ಒಯ್ಯಲು ಸುಲಭ ಮಾಡಿಕೊಟ್ಟ ಹಾಗೆ. ಬಿಡಲೇಬೇಕಾದರೆ ಕಿಟಕಿಯ ಗ್ರಿಲ್ಲಿಗೆ ಸರಪಳಿ ಹಾಕಿ ಬಿಗಿಯುತ್ತೇನೆ. ಮೆಗ್ಗರ್ ಮಾತ್ರ ಯಾವತ್ತೂ ಬಿಟ್ಟು ಬರುವುದಿಲ್ಲ.

ಅದೇ ಸೈಟಿನ ಬಡಗಿ ನನ್ನ ಪೆಟ್ಟಿಗೆ ನೋಡಿ ತಾನೂ ಒಂದು ತಂದರು, ಬೇರೆ ಕಂಪನಿಯದ್ದು. ನನ್ನದರ ಮೇಲೆ ಇಟ್ಟು ಒತ್ತಿ ನೋಡಿದರು, ಕೂರಲಿಲ್ಲ. "ನಿಮ್ಮದರ ಮೇಲೆ ಯಾಕೆ ಕೂರಬೇಕು, ನನಗೇನು ನಿಮ್ಮ ಜೊತೆ ಮದುವೆಯಾ?" ಅಂದರು. ಸರಿಯೇ. ಈಗ ಹುಡುಗ ನಾಲ್ಕನೆಯದು ತೆಗೆದುಕೊಳ್ಳುವ ಅನ್ನುತ್ತಿದ್ದಾನೆ, ವೈರ್ ಕಾಯಿಲ್ ಇಡಲಿಕ್ಕೆ. ತೊಂಬತ್ತು ಮೀಟರಿನ ಕಾಯಿಲ್‌ಗೆ ಪೆಟ್ಟಿಗೆ ಬೇಡ ಅಂದಿದ್ದೇನೆ, ಗೋಣಿಚೀಲ ಇದೆ.