ಮನೆ ಕಂಪ್ಯೂಟರಿಗೆ ಎಂಎಸ್‌ಎಂಟಿಪಿ ಸಾಕು ಮಾರಾಯ್ರೆ

ನನ್ನ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಡೆಸ್ಕ್‌ಟಾಪಲ್ಲಿ ರಾತ್ರಿ ಕ್ರಾನ್, ಅಂದ್ರೆ ಹೇಳಿದ ಹೊತ್ತಿಗೆ ಕೆಲಸ ತಾನೇ ಓಡಿಸೋ ಪ್ರೋಗ್ರಾಂ, ಬ್ಯಾಕಪ್ ಓಡಿಸತ್ತೆ, ಅದು ಕೈಕೊಟ್ರೆ ನಂಗೊಂದು ಮೇಲ್ ಬರ್ಬೇಕು, ಇಷ್ಟೇ ಆಸೆ. ಇದಕ್ಕೆ ಪೋಸ್ಟ್‌ಫಿಕ್ಸ್ ಅನ್ನೋ ಪೂರ್ತಿ ಮೇಲ್ ಸರ್ವರ್ ಹಾಕೋದು ಅಂದ್ರೆ ಇಬ್ರಿಗೆ ಕಾಫಿ ಕಾಯ್ಸೋಕೆ ಮದುವೆಮನೆ ಕೊಪ್ಪರಿಗೆ ಇಳಿಸಿದ ಹಾಗೆ. ಅದಕ್ಕೇ ಮೇಲ್ ಕಳ್ಸೋದಷ್ಟೇ ಮಾಡೋ ಎಂಎಸ್‌ಎಂಟಿಪಿ ಅನ್ನೋ ಪುಟ್ಟ ಪ್ರೋಗ್ರಾಂ ಹಾಕ್ದೆ, ಜೊತೆಗೆ ಎಂಎಸ್‌ಎಂಟಿಪಿ-ಎಂಟಿಎ ಪ್ಯಾಕೇಜೂ ಬೇಕು, ಯಾಕಂದ್ರೆ ಕ್ರಾನ್ ಹುಡುಕೋದು ಸೆಂಡ್‌ಮೇಲ್ ಅನ್ನೋ ಹಳೇ ಮೇಲ್ ಪ್ರೋಗ್ರಾಮಿನ ಹೆಸರನ್ನ, ಆ ಹೆಸರಿಗೆ ಕೊಂಡಿ ಹಾಕೋದು ಇದೇ.

ಇದು ಮೇಲ್ ಕಳ್ಸೋದು ನನ್ನ ಜಿಮೇಲ್ ಮೂಲಕ, ಅದು ಮಾಮೂಲಿ ಪಾಸ್‌ವರ್ಡ್ ಒಪ್ಪಲ್ಲ, ಎರಡು ಹಂತದ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಆಪ್ ಪಾಸ್‌ವರ್ಡ್ ತಗೋಬೇಕು. ಅದನ್ನ ಬರೆದಿಡೋ ಫೈಲಿಗೆ ಪರ್ಮಿಷನ್ 600 ಕೊಡಿ (ನೀವು ಮಾತ್ರ ಓದಿ ಬರೆಯೋ ಹಾಗೆ), ಇಲ್ಲಾಂದ್ರೆ ಎಂಎಸ್‌ಎಂಟಿಪಿ ಬೈಯತ್ತೆ.

ನಾನು ಪೆದ್ದ, ಪೋರ್ಟ್ (ಸರ್ವರಿನ ಬಾಗಿಲ ನಂಬರ್) 465 ಬರ್ದು ಸ್ಟಾರ್ಟ್‌ಟಿಎಲ್‌ಎಸ್ (ಮೊದ್ಲು ಮಾಮೂಲಿ ಮಾತು, ಆಮೇಲೆ ಟಿಎಲ್‌ಎಸ್ ಅನ್ನೋ ಗುಟ್ಟಿನ ಭಾಷೆಗೆ ಬದಲಾಗೋ ಕ್ರಮ) ಆಫ್ ಮಾಡೋದು ಮರ್ತೆ, ಕರ್ಸರ್ ಮಿಣಿಮಿಣಿ ಅಂತ ಕೂತೇ ಇತ್ತು, ಸರ್ವರ್ ಮೊದ್ಲು ಮಾತಾಡ್ಲಿ ಅಂತ ಎಂಎಸ್‌ಎಂಟಿಪಿ, ನೀನು ಟಿಎಲ್‌ಎಸ್ ಶುರು ಮಾಡು ಅಂತ ಸರ್ವರ್, ಮುನಿಸ್ಕೊಂಡ ಗಂಡ ಹೆಂಡ್ತಿ ಥರ. 587 ಮಾಡಿದ್ಮೇಲೆ ಟಣ್ ಅಂತ ಮೇಲ್ ಬಂತು.

ಒಂದೇ ತಕರಾರು, ಇದರಲ್ಲಿ ಕ್ಯೂ, ಅಂದ್ರೆ ಹೋಗದ ಮೇಲನ್ನ ಆಮೇಲೆ ಕಳ್ಸೋಕೆ ಇಟ್ಕೊಳ್ಳೋ ಸಾಲು, ಇಲ್ಲ, ನೆಟ್ ಇಲ್ದಾಗ ಕಳ್ಸಿದ ಮೇಲ್ ಹೋಯ್ತು ಅಂದ್ರೆ ಹೋಯ್ತು. ಸದ್ಯಕ್ಕೆ ಸೆಟ್ಟಿಂಗ್ ಫೈಲಿಗೆ ಲಾಗ್‌ಫೈಲ್ (ಯಾವ ಮೇಲ್ ಹೋಯ್ತು, ಯಾವ್ದು ಹೋಗ್ಲಿಲ್ಲ ಅನ್ನೋ ದಾಖಲೆ) ಸಾಲೊಂದು ಸೇರಿಸ್ಕೊಂಡು ಬೆಳಿಗ್ಗೆ ಒಂದ್ಸಲ ಇಣುಕಿ ನೋಡ್ತೀನಿ.